ಫ್ರೀ ಟ್ರೇಡ್ ಹಾಲ್: ಮ್ಯಾಂಚೆಸ್ಟರಿಗೆ ಬ್ಲೂಸ್ ಬಂದ ಭಾನುವಾರ

ಮ್ಯಾಂಚೆಸ್ಟರಿನ ಪೀಟರ್ ಸ್ಟ್ರೀಟ್‌ನಲ್ಲಿರುವ ಫ್ರೀ ಟ್ರೇಡ್ ಹಾಲ್ ನಿಂತಿರುವುದು ನೆತ್ತರು ಹರಿದ ನೆಲದ ಮೇಲೆ. 1819ರ ಆಗಸ್ಟ್ 16ರಂದು ಮತದಾನದ ಹಕ್ಕು ಕೇಳಲು ಇಲ್ಲಿನ ಬಯಲಿನಲ್ಲಿ ನೆರೆದಿದ್ದ ಜನರ ಮೇಲೆ ಕುದುರೆ ಸವಾರರು ಕತ್ತಿ ಹಿರಿದು ನುಗ್ಗಿದರು. ಚರಿತ್ರೆ ಅದನ್ನು ಪೀಟರ್‌ಲೂ ಹತ್ಯಾಕಾಂಡ ಎನ್ನುತ್ತದೆ. ಆಮದು ಧಾನ್ಯಕ್ಕೆ ಸುಂಕ ಹೇರಿದ್ದ ಕಾಯ್ದೆ 1846ರಲ್ಲಿ ರದ್ದಾದ ನೆನಪಿಗೆ ಇದೇ ಬಯಲಿನಲ್ಲಿ ಕಟ್ಟಿದ ಸಭಾಂಗಣ 1856ರಲ್ಲಿ ಪೂರ್ಣಗೊಂಡಿತು. ವಾಸ್ತುಶಿಲ್ಪಿ ಎಡ್ವರ್ಡ್ ವಾಲ್ಟರ್ಸ್ ಅದಕ್ಕೆ ಇಟಲಿಯ ಅರಮನೆಯ ಚಹರೆ ಕೊಟ್ಟರು.

ಊರಿನ ಗಿರಣಿಗಳು ಬದುಕಿದ್ದುದು ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿಯಿಂದ. ಆ ಹತ್ತಿ ಬಿಡಿಸುತ್ತಿದ್ದವರು ಗುಲಾಮರು. ಅಂತರ್ಯುದ್ಧದಲ್ಲಿ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದು ಹತ್ತಿ ಬರುವುದು ನಿಂತಾಗ ಸುತ್ತಲಿನ ಲ್ಯಾಂಕಾಶೈರ್ ಸೀಮೆಯ ಕಾರ್ಮಿಕರ ಮನೆಗಳಲ್ಲಿ ಒಲೆ ಉರಿಯುವುದೇ ಕಷ್ಟವಾಯಿತು. ಆ ಹೊತ್ತಿಗೆ ಮ್ಯಾಂಚೆಸ್ಟರಿನ ವರ್ತಕರ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೂ ಬಿದ್ದಿತ್ತು. ಅದನ್ನು ಸಾಗಿಸಲು ಕಾರವಾರದಲ್ಲಿ ಬಂದರು ಬೆಳೆಸಬೇಕೆಂದು ಅವರು ಒತ್ತಾಯಿಸುತ್ತಿದ್ದರು. ಆದರೆ 1862ರ ಡಿಸೆಂಬರ್ 31ರಂದು ಇದೇ ಹಾಲ್‌ನಲ್ಲಿ ಸೇರಿದ ಕಾರ್ಮಿಕರು ತಮ್ಮ ಹಸಿವನ್ನು ಬದಿಗಿಟ್ಟು, ಗುಲಾಮಗಿರಿಯನ್ನು ಕೊನೆಗಾಣಿಸುವಂತೆ ಅಬ್ರಹಾಂ ಲಿಂಕನ್‌ಗೆ ಪತ್ರ ಬರೆದರು. ಈ ಕಟ್ಟಡ ಅದಕ್ಕಿಂತ ಉದಾತ್ತವಾದ ಸಭೆಯನ್ನು ಮತ್ತೆ ಕಂಡಿಲ್ಲ.

ಆ ಸಭೆಗೆ ನೂರು ವರ್ಷ ತುಂಬಲು ಎರಡು ತಿಂಗಳಷ್ಟೇ ಉಳಿದಿದ್ದಾಗ, 1962ರ ಅಕ್ಟೋಬರ್ 21ರ ಭಾನುವಾರ, ಹತ್ತಿ ಹೊಲಗಳ ನಾಡಿನ ಕಪ್ಪು ಜನರ ಹಾಡಾದ ಬ್ಲೂಸೇ ಇಲ್ಲಿಗೆ ಬಂತು. ಜರ್ಮನಿಯ ಹೋರ್ಸ್ಟ್ ಲಿಪ್‌ಮನ್ ಮತ್ತು ಫ್ರಿಟ್ಜ್ ರಾವ್ ಯುರೋಪಿನಲ್ಲಿ ಸುತ್ತಾಡಿಸುತ್ತಿದ್ದ 'ಅಮೆರಿಕನ್ ಫೋಕ್ ಬ್ಲೂಸ್ ಫೆಸ್ಟಿವಲ್' ಆ ವರ್ಷ ಬ್ರಿಟನ್ನಿನಲ್ಲಿ ನಡೆದದ್ದು ಇದೊಂದೇ ಕಡೆ. ಪಿಯಾನೊಗೆ ಮೆಂಫಿಸ್ ಸ್ಲಿಮ್, ಬಾಸ್‌ಗೆ ವಿಲ್ಲಿ ಡಿಕ್ಸನ್. ಎಲೆಕ್ಟ್ರಿಕ್ ಗಿಟಾರಿಗೆ ಬ್ಲೂಸ್ ನುಡಿಯಲು ಕಲಿಸಿದವರಲ್ಲಿ ಮೊದಲಿಗರಾದ ಟಿ-ಬೋನ್ ವಾಕರ್, ಕಣ್ಣು ಕಾಣದ ಹಾರ್ಮೋನಿಕಾ ವಾದಕ ಸೋನಿ ಟೆರಿ, ಅವರ ಜೊತೆಗಾರ ಬ್ರೌನಿ ಮೆಗೀ, ಗಾಯಕಿ ಹೆಲೆನ್ ಹ್ಯೂಮ್ಸ್. ಮಿಸಿಸಿಪ್ಪಿಯ ಪಾಲುಗೇಣಿ ರೈತನ ಮಗ ಜಾನ್ ಲೀ ಹೂಕರ್‌ಗೆ ತಾಳಕ್ಕೆ ತನ್ನ ಬೂಟುಗಾಲೇ ಸಾಕಿತ್ತು.

ಪ್ರೇಕ್ಷಕರ ನಡುವೆ ಲಂಡನ್ ಕಡೆಯಿಂದ ಬಂದ ಕೆಲವು ಹುಡುಗರಿದ್ದರು: ಮಿಕ್ ಜಾಗರ್, ಕೀತ್ ರಿಚರ್ಡ್ಸ್, ಬ್ರಯಾನ್ ಜೋನ್ಸ್, ಜಿಮ್ಮಿ ಪೇಜ್. ಅಂಥವರಿಗೆ ಬ್ಲೂಸ್ ಎಂದರೆ ಅಲ್ಲಿಯವರೆಗೆ ಹೆಚ್ಚಾಗಿ ಷಿಕಾಗೋದಿಂದ ತರಿಸಿಕೊಂಡ ಗ್ರಾಮಫೋನ್ ತಟ್ಟೆ. ಸೂಜಿಯನ್ನು ಮತ್ತೆ ಮತ್ತೆ ಹಿಂದಕ್ಕಿಟ್ಟು ಕೇಳಿದರೂ ತಟ್ಟೆ ಹೇಳದ ಸಂಗತಿಗಳಿದ್ದವು: ಯಾವ ಬೆರಳು ಯಾವ ತಂತಿಯನ್ನು ಎಳೆಯುತ್ತದೆ, ಗಾಯಕ ಎಲ್ಲಿ ಉಸಿರು ತಡೆದು ಕಾಯುತ್ತಾನೆ, ಒಬ್ಬರು ಇನ್ನೊಬ್ಬರಿಗೆ ಹೇಗೆ ಸನ್ನೆ ಮಾಡುತ್ತಾರೆ. ಅದನ್ನು ಕಣ್ಣಾರೆ ಕಂಡೇ ಕಲಿಯಬೇಕು. ಎರಡು ವರ್ಷದ ನಂತರ, 1964ರ ಡಿಸೆಂಬರಿನಲ್ಲಿ, ವಿಲ್ಲಿ ಡಿಕ್ಸನ್ ರಚಿಸಿದ 'ಲಿಟಲ್ ರೆಡ್ ರೂಸ್ಟರ್' ಜಾಗರ್, ರಿಚರ್ಡ್ಸ್, ಜೋನ್ಸ್‌ರ ರೋಲಿಂಗ್ ಸ್ಟೋನ್ಸ್ ತಂಡದ ಹಾಡಿಕೆಯಲ್ಲಿ ಬ್ರಿಟನ್ನಿನ ಮೊದಲ ಸ್ಥಾನಕ್ಕೇರಿತು. ಆ ಪ್ರವಾಸದ ಎಲ್‌ಪಿ ತಯಾರಾದದ್ದು ಹ್ಯಾಂಬರ್ಗ್‌ನ ಧ್ವನಿಮುದ್ರಣದಿಂದ. ಮ್ಯಾಂಚೆಸ್ಟರಿನ ಕಛೇರಿ ಮುಖ್ಯವಾಗಿ ಉಳಿದಿರುವುದು ಕೇಳಿದವರ ನೆನಪಿನಲ್ಲಿ.

ಅವರು ಕುಳಿತಿದ್ದ ಸಭಾಂಗಣವೂ ಮೂಲದ್ದಲ್ಲ. 1940ರ ಜರ್ಮನ್ ಬಾಂಬು ದಾಳಿಯಲ್ಲಿ ಒಳಭಾಗ ಸುಟ್ಟು, ಹಳೆಯ ಗೋಡೆಗಳ ಹಿಂದೆ ಹೊಸದಾಗಿ ಕಟ್ಟಿ 1951ರಲ್ಲಿ ತೆರೆದದ್ದು ಅದು. 1966ರಲ್ಲಿ ಜಾನಪದ ಶೈಲಿ ಬಿಟ್ಟು ಎಲೆಕ್ಟ್ರಿಕ್ ಗಿಟಾರ್ ಹಿಡಿದ ಬಾಬ್ ಡಿಲನ್‌ರತ್ತ ಪ್ರೇಕ್ಷಕನೊಬ್ಬ 'ಜೂಡಾಸ್', ಅಂದರೆ ದ್ರೋಹಿ, ಎಂದು ಕೂಗಿದ್ದು ಇಲ್ಲೇ. ಇಲ್ಲಿ ನೆಲೆಯಾಗಿದ್ದ ಹಾಲೆ ವಾದ್ಯವೃಂದ 1996ರಲ್ಲಿ ಬೇರೆಡೆಗೆ ಹೋಯಿತು. 2004ರಲ್ಲಿ ಕಟ್ಟಡ ಹೋಟೆಲಾಗಿ ತೆರೆಯಿತು. ಹೂಕರ್ ಹಾಡಿದ ವೇದಿಕೆ ಈಗಿಲ್ಲ. ಬೀದಿಗೆ ಮುಖ ಮಾಡಿದ ವಾಲ್ಟರ್ಸ್‌ರ ಕಮಾನುಗಳಿವೆ. ಅಲ್ಲಿಂದ ಕೆಲವೇ ನಿಮಿಷ ನಡೆದರೆ ಲಿಂಕನ್ ಚೌಕ. ಕಾರ್ಮಿಕರಿಗೆ ಲಿಂಕನ್ 1863ರ ಜನವರಿಯಲ್ಲಿ ಬರೆದ ಉತ್ತರದ ಸಾಲುಗಳನ್ನು ಅಲ್ಲಿನ ಅವರ ಪ್ರತಿಮೆಯ ಪೀಠದಲ್ಲಿ ಕೆತ್ತಲಾಗಿದೆ.