ಹೊಲದಲ್ಲಿ ನಿಂತು ಚಿಮಣಿ ಅಳೆಯೋಣ

ಮಕ್ಕಳೇ, ಆಳಂದ ತಾಲ್ಲೂಕಿನ ಭೂಸನೂರಿನ ಸಕ್ಕರೆ ಕಾರ್ಖಾನೆಯನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಕಬ್ಬು ನುರಿಸುವ ಕಾಲದಲ್ಲಿ ರಸ್ತೆಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು, ಅವುಗಳ ಹಿಂದೆ ಕಬ್ಬು ಎಳೆಯಲು ಓಡುವ ಹುಡುಗರು (ಹಾಗೆ ಮಾಡಬಾರದು, ಅಪಾಯ!), ಮೇಲೆ ಚಿಮಣಿಯಿಂದ ಹೊಗೆ. ಆ ಚಿಮಣಿ ಎಷ್ಟು ಎತ್ತರ ಇದೆ ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ಹತ್ತಿ ಟೇಪು ಬಿಡುವಂತಿಲ್ಲ. ಗೇಟಿನ ಒಳಗೂ ಹೋಗುವಂತಿಲ್ಲ. ಆದರೂ ಹೊರಗಿನ ಬಯಲು ಹೊಲದಲ್ಲಿ ನಿಂತೇ ಅಳೆಯಬಹುದು. ಅದಕ್ಕೆ ಬೇಕಾಗುವುದು ಗುರುಗಳ ಒಂದು ಮೊಬೈಲು, ಒಂದು ಅಳತೆ ಟೇಪು ಮತ್ತು ನಿಮ್ಮ ಗಣಿತ ಪುಸ್ತಕದ ತ್ರಿಭುಜದ ಪಾಠ.

ಮೊಬೈಲು ಎಂದರೆ ಮಾತನಾಡುವ, ಹಾಡು ಕೇಳುವ, ಆಟ ಆಡುವ ಯಂತ್ರ ಎಂದಷ್ಟೇ ನಾವು ತಿಳಿದಿದ್ದೇವೆ. ನಿಜವಾಗಿ ಅದು ಅಳತೆ ಉಪಕರಣಗಳ ಒಂದು ಪೆಟ್ಟಿಗೆ. ಅದರೊಳಗೆ ಬಾಗುವಿಕೆಯನ್ನು ಅಳೆಯುವ ಸಂವೇದಕ ಇದೆ. ಶಬ್ದವನ್ನು ಗ್ರಹಿಸುವ ಮೈಕು, ಬೆಳಕನ್ನು ಗ್ರಹಿಸುವ ಕ್ಯಾಮರಾ ಇವೆ. ಹಲವು ಫೋನುಗಳಲ್ಲಿ ಕಾಂತಕ್ಷೇತ್ರವನ್ನು ಅಳೆಯುವ ಸಂವೇದಕವೂ ಇರುತ್ತದೆ. ಫೋನಿನ ದಿಕ್ಸೂಚಿ ಕೆಲಸ ಮಾಡುವುದು ಇದರಿಂದಲೇ. ಇವುಗಳ ಅಳತೆಗಳನ್ನು ಪರದೆಯ ಮೇಲೆ ತೋರಿಸಲು ಫೈಫಾಕ್ಸ್ ಎಂಬ ಉಚಿತ ಆ್ಯಪ್ ಇದೆ. ಜರ್ಮನಿಯ ಆಕೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು 2016ರಲ್ಲಿ ಇದನ್ನು ಹೊರತಂದರು. ಒಮ್ಮೆ ಇಳಿಸಿಕೊಂಡರೆ ಪ್ರಯೋಗಕ್ಕೆ ನೆಟ್‌ವರ್ಕ್ ಬೇಕಿಲ್ಲ. ನಮ್ಮ ಹಳ್ಳಿಗಳಿಗೆ ಇದು ದೊಡ್ಡ ಅನುಕೂಲ.

ಮೊದಲು ಶಾಲೆಯ ಅಂಗಳದ ಬೇವಿನ ಮರವನ್ನು ಅಳೆಯೋಣ. ಫೋನನ್ನು ಬಂದೂಕಿನಂತೆ ಕಣ್ಣಿನ ಹತ್ತಿರ ಹಿಡಿದು, ಅದರ ಉದ್ದದ ಅಂಚಿನ ನೇರಕ್ಕೆ ಮರದ ತುದಿಯನ್ನು ನೋಡಿ. ಫೋನು ಎಷ್ಟು ಡಿಗ್ರಿ ಬಾಗಿದೆ ಎಂಬುದನ್ನು ಪಕ್ಕದಲ್ಲಿ ನಿಂತ ಗೆಳತಿ ಪರದೆಯಲ್ಲಿ ಓದಲಿ. ನೋಡುವವರೇ ಓದಲು ಹೋದರೆ ಗುರಿ ತಪ್ಪುತ್ತದೆ. ಸರಿಯಾಗಿ 45 ಡಿಗ್ರಿ ಬರುವ ತನಕ ಹಿಂದೆ ಮುಂದೆ ಸರಿಯಿರಿ. ಆಗ ನಿಮ್ಮ ಕಣ್ಣು, ಮರದ ತುದಿ ಮತ್ತು ಕಾಂಡದ ಮೇಲೆ ಕಣ್ಣಿನ ಮಟ್ಟದ ಬಿಂದು ಸೇರಿ ಒಂದು ಲಂಬಕೋನ ತ್ರಿಭುಜವಾಗುತ್ತದೆ. ಒಂದು ಕೋನ 90, ಇನ್ನೊಂದು 45. ಉಳಿದದ್ದು? ಅದೂ 45. ಎರಡು ಕೋನ ಸಮವಾದರೆ ಅವುಗಳ ಎದುರಿನ ಬಾಹುಗಳೂ ಸಮ. ಅಂದರೆ ನೀವು ಮರದಿಂದ ಎಷ್ಟು ದೂರ ನಿಂತಿದ್ದೀರೋ ಕಣ್ಣಿನ ಮಟ್ಟದಿಂದ ಮರ ಅಷ್ಟೇ ಎತ್ತರ. ದೂರ 11 ಮೀಟರ್ 20 ಸೆಂಟಿಮೀಟರ್, ನೆಲದಿಂದ ನಿಮ್ಮ ಕಣ್ಣಿಗೆ 1 ಮೀಟರ್ 30 ಸೆಂಟಿಮೀಟರ್ ಎಂದುಕೊಳ್ಳಿ. ಕೂಡಿಸಿದರೆ ಮರದ ಎತ್ತರ 12 ಮೀಟರ್ 50 ಸೆಂಟಿಮೀಟರ್.

ಚಿಮಣಿಗೆ ಈ ಉಪಾಯ ಸಾಲದು. ಅದರ ಬುಡಕ್ಕೆ ಹೋಗಿ ಟೇಪು ಹಿಡಿಯಲು ಆಗುವುದಿಲ್ಲವಲ್ಲ? ಅದಕ್ಕೆ ಎರಡು ಕಡೆ ನಿಂತು ನೋಡಬೇಕು. ಸಮತಟ್ಟಾದ ಹೊಲದಲ್ಲಿ 45 ಡಿಗ್ರಿ ಬರುವ ಜಾಗದಲ್ಲಿ ಒಂದು ಗೂಟ ನೆಡಿ. ಅಲ್ಲಿಂದ ಚಿಮಣಿಗೆ ಬೆನ್ನು ಮಾಡಿ ನೇರವಾಗಿ ಹಿಂದೆ ಹೋಗುತ್ತಾ, ನಡುನಡುವೆ ತಿರುಗಿ ತುದಿಯನ್ನು ನೋಡಿ. ಕೋನ ಇಪ್ಪತ್ತಾರೂವರೆ ಡಿಗ್ರಿಗೆ ಇಳಿದಲ್ಲಿ ಎರಡನೇ ಗೂಟ ನೆಡಿ. ಈಗ ಎರಡು ಗೂಟಗಳ ನಡುವಿನ ದೂರವೇ ಕಣ್ಣಿನ ಮಟ್ಟದಿಂದ ಚಿಮಣಿಯ ಎತ್ತರ!

ಇದು ಹೇಗೆ? ಚೌಕಳಿ ಹಾಳೆಯ ಮೇಲೆ ಬುಡ 10 ಸೆಂಟಿಮೀಟರ್, ಎತ್ತರ 5 ಸೆಂಟಿಮೀಟರ್ ಇರುವ ಲಂಬಕೋನ ತ್ರಿಭುಜ ಬರೆಯಿರಿ. ಬುಡದ ತುದಿಯ ಕೋನವನ್ನು ಕೋನಮಾಪಕದಿಂದ ಅಳೆದು ನೋಡಿ. ಸುಮಾರು ಇಪ್ಪತ್ತಾರೂವರೆ ಬರುತ್ತದೆ. ಅಂದರೆ ಈ ಕೋನ ಬಂದಾಗ ನೀವು ಎತ್ತರದ ಎರಡು ಪಟ್ಟು ದೂರದಲ್ಲಿದ್ದೀರಿ. ಮೊದಲ ಗೂಟ ಒಂದು ಪಟ್ಟು ದೂರದಲ್ಲಿತ್ತು. ಎರಡರಲ್ಲಿ ಒಂದು ಕಳೆದರೆ ಒಂದು.

ಆದರೆ ಒಂದು ಎಚ್ಚರಿಕೆ. ಎರಡನೇ ಕಡೆ ಕೋನ ಓದುವಾಗ ಒಂದೇ ಒಂದು ಡಿಗ್ರಿ ತಪ್ಪಿದರೆ ಎತ್ತರದಲ್ಲಿ ನೂರಕ್ಕೆ ಸುಮಾರು 9ರಷ್ಟು ತಪ್ಪು ಬರುತ್ತದೆ. 30 ಮೀಟರ್ ಎತ್ತರದ ಚಿಮಣಿಯಾದರೆ ಎರಡೂವರೆ ಮೀಟರಿಗೂ ಹೆಚ್ಚು! ಆದ್ದರಿಂದ ಐದಾರು ಜನ ಬೇರೆ ಬೇರೆಯಾಗಿ ಅಳೆದು ಸರಾಸರಿ ತೆಗೆಯಿರಿ. ಗುರುಗಳನ್ನು ಜೊತೆಗೆ ಕರೆದುಕೊಂಡು, ಹೊಲದವರ ಒಪ್ಪಿಗೆ ಪಡೆದೇ ಹೋಗಬೇಕು. ಸೂರ್ಯ ಇರುವ ದಿಕ್ಕಿಗೆ ನೋಡಬಾರದು. ರಸ್ತೆಯ ಮೇಲಂತೂ ಈ ಪ್ರಯೋಗ ಬೇಡವೇ ಬೇಡ.

ಫೋನಿಗೆ ತಾನು ಬಾಗಿರುವುದು ಹೇಗೆ ತಿಳಿಯುತ್ತದೆ? ಬಸ್ಸಿನಲ್ಲಿ ನಿಂತಿರುವಾಗ ಡ್ರೈವರ್ ಬ್ರೇಕ್ ಹಾಕಿದರೆ ನಾವು ಮುಂದಕ್ಕೆ ವಾಲುತ್ತೇವೆ. ಕಣ್ಣು ಮುಚ್ಚಿದ್ದರೂ ಬಸ್ಸಿನ ವೇಗ ಬದಲಾದದ್ದು ನಮಗೆ ತಿಳಿಯುತ್ತದೆ. ಫೋನಿನೊಳಗೂ ಹಾಗೆ ವಾಲುವ ಒಂದು ತುಣುಕು ಇದೆ. ಕೆಲವೇ ಮಿಲಿಮೀಟರ್ ಅಗಲದ ಒಂದು ಚಿಪ್ಪಿನಲ್ಲಿ, ಸಿಲಿಕಾನಿನಿಂದ ಮಾಡಿದ ಅತಿ ಸಣ್ಣ ತುಣುಕನ್ನು ಸ್ಪ್ರಿಂಗಿನಂಥ ಕಾಲುಗಳ ಮೇಲೆ ನಿಲ್ಲಿಸಿರುತ್ತಾರೆ. ಬಾಚಣಿಕೆಯ ಹಲ್ಲುಗಳಂತೆ ಅದರ ಹಲ್ಲುಗಳು ಇನ್ನೊಂದು ಸಾಲಿನ ಹಲ್ಲುಗಳ ನಡುವೆ ತೂರಿಕೊಂಡಿರುತ್ತವೆ. ಫೋನನ್ನು ಬಾಗಿಸಿದಾಗ ಭೂಮಿಯ ಸೆಳೆತದಿಂದ ಈ ತುಣುಕು ಕೂದಲೆಳೆಗಿಂತ ಎಷ್ಟೋ ಕಡಿಮೆ ಸರಿಯುತ್ತದೆ. ಹಲ್ಲುಗಳ ನಡುವಿನ ಅಂತರ ಬದಲಾಗಿ, ಅವು ಹಿಡಿದಿಡುವ ವಿದ್ಯುದಾವೇಶವೂ ಬದಲಾಗುತ್ತದೆ. ಆ ಬದಲಾವಣೆಯಿಂದ ಫೋನು ಕೋನವನ್ನು ಲೆಕ್ಕ ಹಾಕುತ್ತದೆ. ಇದಕ್ಕೆ ವೇಗೋತ್ಕರ್ಷ ಮಾಪಕ ಎಂದು ಹೆಸರು. ಫೋನನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡ ತಿರುಗುತ್ತದಲ್ಲ, ಅದೂ ಇದರ ಕೆಲಸವೇ.

ನಿಮ್ಮ ಕಂಪಾಸ್ ಪೆಟ್ಟಿಗೆಯ ಕೋನಮಾಪಕಕ್ಕೆ ದಾರ ಕಟ್ಟಿ, ಕೆಳಗೆ ಒಂದು ಕಲ್ಲು ತೂಗಿಬಿಟ್ಟರೂ ಇದೇ ಕೆಲಸ ಆಗುತ್ತದೆ. ಅಲ್ಲಿಯೂ ಭೂಮಿಯ ಸೆಳೆತವೇ ದಾರವನ್ನು ನೇರ ಹಿಡಿಯುತ್ತದೆ. ಎರಡರಿಂದಲೂ ಅಳೆದು ಹೋಲಿಸಿ. ಫೋನಿನ ಅಳತೆಯೇ ಸರಿ ಎಂದು ಮೊದಲೇ ತೀರ್ಮಾನಿಸಬೇಡಿ. ಚೆನ್ನಾಗಿ ಕಟ್ಟಿದ ದಾರ ಮತ್ತು ಕಲ್ಲು ಫೋನಿಗೆ ಸರಿಸಮವಾಗಿ ನಿಲ್ಲಬಲ್ಲವು ಎಂಬುದು ನನ್ನ ಅಭಿಪ್ರಾಯ.

ದಾರ ಕಲ್ಲುಗಳಿಂದ ಆಗದ, ಫೋನಿನಿಂದಲೇ ಆಗುವ ಕೆಲಸವೂ ಇದೆ. ಶಬ್ದದ ವೇಗವನ್ನು ತರಗತಿಯಲ್ಲಿಯೇ ಅಳೆಯುವುದು. ಇದಕ್ಕೆ ಎರಡು ಫೋನು ಬೇಕು. ಫೈಫಾಕ್ಸ್‌ನಲ್ಲಿ ಶಬ್ದ ಕೇಳಿದೊಡನೆ ತಾನೇ ಓಡಲು ತೊಡಗುವ, ಮತ್ತೊಂದು ಶಬ್ದ ಕೇಳಿದೊಡನೆ ನಿಲ್ಲುವ ಗಡಿಯಾರ ಇದೆ. ಎರಡು ಫೋನುಗಳನ್ನು 5 ಮೀಟರ್ ದೂರದಲ್ಲಿ ಇಡಿ. ಮೊದಲ ಫೋನಿನ ಬಳಿ ಇರುವ ಹುಡುಗಿ ಚಪ್ಪಾಳೆ ತಟ್ಟಲಿ. ಅವಳ ಫೋನಿನ ಗಡಿಯಾರ ತಕ್ಷಣ ಓಡುತ್ತದೆ. ಎರಡನೆಯದು ಶಬ್ದ ಅಲ್ಲಿಗೆ ತಲುಪಿದ ಮೇಲೆ, ಸ್ವಲ್ಪ ತಡವಾಗಿ ಓಡುತ್ತದೆ. ಒಂದೆರಡು ಸೆಕೆಂಡು ಬಿಟ್ಟು ಎರಡನೇ ಫೋನಿನ ಬಳಿಯ ಹುಡುಗ ಚಪ್ಪಾಳೆ ತಟ್ಟಲಿ. ಈಗ ಅವನ ಗಡಿಯಾರ ತಕ್ಷಣ ನಿಂತರೆ, ಅವಳದು ತಡವಾಗಿ ನಿಲ್ಲುತ್ತದೆ. ಹೀಗಾಗಿ ಮೊದಲ ಗಡಿಯಾರ ಹೆಚ್ಚು ಹೊತ್ತು ಓಡಿರುತ್ತದೆ. ಆ ಹೆಚ್ಚಿನ ಹೊತ್ತು ಎಂದರೆ ಶಬ್ದ ಒಮ್ಮೆ ಹೋಗಿ ಒಮ್ಮೆ ಬರಲು, ಒಟ್ಟು 10 ಮೀಟರ್ ಸಾಗಲು ಹಿಡಿದ ಸಮಯ. ಅದು ಸುಮಾರು 0.029 ಸೆಕೆಂಡು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದು ಹೋಗುವ ಸಮಯ! 10ನ್ನು 0.029ರಿಂದ ಭಾಗಿಸಿದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್ ಎಂದು ಸಿಗುತ್ತದೆ.

ಇದನ್ನು ಡಿಸೆಂಬರಿನ ಚಳಿಯ ಮುಂಜಾನೆ ಒಮ್ಮೆ, ಮಾರ್ಚ್ ಕೊನೆಯ ಮಧ್ಯಾಹ್ನ ಇನ್ನೊಮ್ಮೆ ಮಾಡಿ. ಗಾಳಿ ಬಿಸಿಯಾದಷ್ಟೂ ಶಬ್ದ ಬೇಗ ಸಾಗುತ್ತದೆ. 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 340 ಮೀಟರ್, 38 ಡಿಗ್ರಿಯಲ್ಲಿ ಸುಮಾರು 354 ಮೀಟರ್. ಕಲಬುರಗಿ ಜಿಲ್ಲೆಯ ಬಿಸಿಲು ಇಂಥ ಒಂದು ಉಪಕಾರವನ್ನಾದರೂ ಮಾಡಲಿ.

ಇನ್ನು ನಿಮ್ಮ ಪಠ್ಯಪುಸ್ತಕದಲ್ಲಿರುವ ಕಪ್ಪು ಬಿಳಿ ಚುಕ್ಕಿಗಳ ಚೌಕದ ವಿಷಯ. ಅದೇ ಕ್ಯೂಆರ್ ಕೋಡ್. 1994ರಲ್ಲಿ ಜಪಾನಿನ ಮಸಾಹಿರೊ ಹಾರಾ ಎಂಬ ಎಂಜಿನಿಯರ್ ಮತ್ತು ಅವರ ಜೊತೆಗಾರರು ಕಾರ್ಖಾನೆಯ ಬಿಡಿಭಾಗಗಳನ್ನು ಬೇಗ ಗುರುತಿಸಲು ಇದನ್ನು ರೂಪಿಸಿದರು. ಮೂರು ಮೂಲೆಗಳಲ್ಲಿ ಇರುವ ದೊಡ್ಡ ಚೌಕಗಳು ಕೋಡು ಎಲ್ಲಿದೆ, ಯಾವ ಕಡೆ ತಿರುಗಿದೆ ಎಂದು ಕ್ಯಾಮರಾಕ್ಕೆ ತಿಳಿಸುತ್ತವೆ. ಉಳಿದ ಚುಕ್ಕಿಗಳಲ್ಲಿ ಕಪ್ಪು ಎಂದರೆ 1, ಬಿಳಿ ಎಂದರೆ 0 ಎಂಬಂತೆ ಮಾಹಿತಿ ಅಡಗಿರುತ್ತದೆ. ಅದರ ಸ್ವಲ್ಪ ಭಾಗ ಹರಿದರೂ ಮಸಿ ಬಿದ್ದರೂ ಓದಲು ಆಗುವಂತೆ ಹೆಚ್ಚುವರಿ ಮಾಹಿತಿ ಸೇರಿಸಿರುತ್ತಾರೆ. ನಡುವಿನ ಒಂದೆರಡು ಚುಕ್ಕಿಗಳ ಮೇಲೆ ಸಣ್ಣ ಕಾಗದದ ಚೂರು ಇಟ್ಟು ಫೋನು ಹಿಡಿದು ನೋಡಿ. ಆಮೇಲೆ ಮೂಲೆಯ ದೊಡ್ಡ ಚೌಕವನ್ನು ಪೂರ್ತಿ ಮುಚ್ಚಿ ನೋಡಿ. ವ್ಯತ್ಯಾಸ ನಿಮಗೇ ತಿಳಿಯುತ್ತದೆ. ಪಠ್ಯಪುಸ್ತಕದ ಕೋಡು 2017ರಲ್ಲಿ ಆರಂಭವಾದ ದೀಕ್ಷಾ ಎಂಬ ಸರಕಾರಿ ಆ್ಯಪ್‌ನಲ್ಲಿ ಆ ಪಾಠದ ವಿಡಿಯೋ, ಪ್ರಶ್ನೆಗಳನ್ನು ತೆರೆಯುತ್ತದೆ. ನೆಟ್‌ವರ್ಕ್ ಇರುವಲ್ಲಿ ಇಳಿಸಿಟ್ಟುಕೊಂಡರೆ ಇಲ್ಲದ ಊರಿನಲ್ಲೂ ನೋಡಬಹುದು.

ಆದರೆ ಫೋನೇ ಇಲ್ಲದ ಮನೆಯ ಮಕ್ಕಳು ಏನು ಮಾಡಬೇಕು? ಈ ಪ್ರಶ್ನೆ 2020ರಲ್ಲಿ ಎಲ್ಲರ ಮುಂದೆ ಬಂತು. ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ನಮ್ಮ ರಾಜ್ಯದಲ್ಲಿ ವಿದ್ಯಾಗಮ ಎಂಬ ಕಾರ್ಯಕ್ರಮ ನಡೆಯಿತು. ಆಗ ಮಕ್ಕಳನ್ನು ಫೋನೇ ಇಲ್ಲದವರು, ಇಂಟರ್‌ನೆಟ್ ಇಲ್ಲದ ಸಾದಾ ಫೋನು ಇರುವವರು, ಇಂಟರ್‌ನೆಟ್ ಇರುವ ಸ್ಮಾರ್ಟ್‌ಫೋನು ಇರುವವರು ಎಂದು ಮೂರು ಗುಂಪು ಮಾಡಬೇಕಾಯಿತು. ಫೋನಿಲ್ಲದ ಮಕ್ಕಳಿಗಾಗಿ ಗುರುಗಳು ಓಣಿಗಳಿಗೆ, ಗುಡಿಯ ಕಟ್ಟೆಗಳಿಗೆ ಹೋಗಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅದೇ ವರ್ಷ ಅಕ್ಟೋಬರಿನಲ್ಲಿ ಅದೂ ನಿಂತಿತು. ಮನೆಯಲ್ಲಿ ಫೋನು ಇದ್ದರೂ ಅದು ಅಪ್ಪನ ಜೇಬಿನಲ್ಲಿ ಹೊಲಕ್ಕೋ ಕೆಲಸಕ್ಕೋ ಹೋಗುತ್ತಿದ್ದ ಮನೆಗಳು ಎಷ್ಟೋ. ಸಂಜೆ ಅದು ಮನೆಗೆ ಬಂದರೆ ಮೊದಲು ಅಣ್ಣನ ಕೈಗೆ, ಆಮೇಲೆ ತಂಗಿಗೆ.

ಅದಕ್ಕೇ ಮಕ್ಕಳೇ, ಇಲ್ಲಿ ಹೇಳಿದ ಯಾವ ಪ್ರಯೋಗಕ್ಕೂ ಮನೆಯಿಂದ ಫೋನು ತರಬೇಡಿ. ತರಗತಿಗೆ ಗುರುಗಳದು ಒಂದು ಸಾಕು. ಶಬ್ದದ ಪ್ರಯೋಗಕ್ಕೆ ಪಕ್ಕದ ತರಗತಿಯ ಟೀಚರ್ ಅವರದನ್ನು ಕೇಳಿ ಪಡೆಯಿರಿ. ಆಟ, ರೀಲ್ಸ್‌ಗಳಿಗೆ ತರಗತಿಯಲ್ಲಿ ಜಾಗ ಇಲ್ಲ. ನಾಲ್ಕು ಜನರ ಗುಂಪು ಮಾಡಿಕೊಳ್ಳಿ. ಒಬ್ಬರು ಗುರಿ ಹಿಡಿಯುವವರು, ಒಬ್ಬರು ಕೋನ ಓದುವವರು, ಒಬ್ಬರು ಟೇಪು ಹಿಡಿಯುವವರು, ಒಬ್ಬರು ಬರೆದುಕೊಳ್ಳುವವರು. ಹುಡುಗರೇ ಫೋನು ಹಿಡಿದು, ಹುಡುಗಿಯರು ಬರೆದುಕೊಳ್ಳುತ್ತಾ ಕೂರುವುದನ್ನು ನಾನು ಹಲವು ಶಾಲೆಗಳಲ್ಲಿ ನೋಡಿದ್ದೇನೆ. ಪ್ರತಿ ಅಳತೆಗೂ ಕೆಲಸ ಬದಲಾಯಿಸಿಕೊಳ್ಳಿ. ಅಳೆದ ವಸ್ತು, ದಿನಾಂಕ, ಫೋನಿನ ಅಳತೆ, ದಾರ ಮತ್ತು ಕಲ್ಲಿನ ಅಳತೆ, ಎರಡರ ವ್ಯತ್ಯಾಸ ಇವುಗಳಿಗೆ ಒಂದೊಂದು ಕಲಂ ಇರುವ ಪಟ್ಟಿಯನ್ನು ನಿಮ್ಮ ವಿಜ್ಞಾನ ನೋಟ್‌ಬುಕ್ಕಿನಲ್ಲಿ ಹಾಕಿ. ಮೊದಲು ಧ್ವಜಸ್ತಂಭ, ನಂತರ ಊರಿನ ನೀರಿನ ಟ್ಯಾಂಕು. ಟ್ಯಾಂಕಿನ ಎತ್ತರವನ್ನು ಎರಡು ಗೂಟಗಳ ಉಪಾಯದಿಂದಲೇ ಕಂಡುಹಿಡಿದು, ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ನಿಜವಾದ ಎತ್ತರ ಎಷ್ಟೆಂದು ವಿಚಾರಿಸಿ ಬನ್ನಿ.