ಟರ್ಬೋ ಎಂಜಿನ್ನಿನಲ್ಲಿ ಕಿಡಿಯ ಅಂತರ

ಓಮಲೂರಿನಿಂದ ಧರ್ಮಪುರಿಯ ಕಡೆಗೆ ಹೊರಟವರು ತೊಪ್ಪೂರು ಘಾಟಿಯನ್ನು ಏರಲೇಬೇಕು. ಅಲ್ಲಿ ಭಾರದ ಲಾರಿಯೊಂದನ್ನು ಹಿಂದೆ ಹಾಕಲು ಆಕ್ಸಿಲರೇಟರನ್ನು ಪೂರ್ತಿ ಒತ್ತಿದ ಗಳಿಗೆಯಲ್ಲೇ ಟರ್ಬೋ ಪೆಟ್ರೋಲ್ ಕಾರು ಮುಗ್ಗರಿಸಿದರೆ ಅಪಾಯ ಸಣ್ಣದಲ್ಲ. ಇಂತಹ ದೂರಿನೊಡನೆ ಬಂದ ಕಾರುಗಳನ್ನು ನಾನು ಪರೀಕ್ಷಿಸಿದ್ದೇನೆ. ನಿಂತಲ್ಲಿ ಎಂಜಿನ್ ಸುಗಮವಾಗಿ ಓಡುತ್ತದೆ, ಸಮತಟ್ಟಾದ ರಸ್ತೆಯಲ್ಲೂ ದೋಷ ಕಾಣದು. ಅನೇಕ ವೇಳೆ ಕಾರಣ, ಸ್ಪಾರ್ಕ್ ಪ್ಲಗ್ಗಿನ ಎರಡು ತುದಿಗಳ ನಡುವಿನ ಒಂದು ಮಿಲಿಮೀಟರಿನ ಆಸುಪಾಸಿನ ಅಂತರ.

ನಮ್ಮ ಕಡೆಯ ಲಾರಿ ಮಾಲೀಕರು ಇದನ್ನೋದಿ ನಗಬಹುದು. ಅವರ ಡೀಸೆಲ್ ಎಂಜಿನ್ನಿಗೂ ಟರ್ಬೋ ಉಂಟು, ಆದರೆ ಕಿಡಿಯ ಗೋಜಿಲ್ಲ. ಒತ್ತಿದ ಗಾಳಿಯ ಬಿಸಿಗೇ ಇಂಧನ ಹೊತ್ತಿಕೊಳ್ಳುತ್ತದೆ.

ಅನಿಲದ ಮೂಲಕ ಕಿಡಿ ಹಾರಲು ಬೇಕಾದ ವೋಲ್ಟೇಜು ಅನಿಲದ ಒತ್ತಡ ಮತ್ತು ಅಂತರಗಳ ಗುಣಲಬ್ಧವನ್ನು ಅವಲಂಬಿಸಿದೆಯೆಂದು ಜರ್ಮನಿಯ ಭೌತವಿಜ್ಞಾನಿ ಪಾಶೆನ್ 1889ರಲ್ಲಿ ತೋರಿಸಿದರು. 1 ಬಾರ್ ಬೂಸ್ಟ್ ಎಂದರೆ ಎಂಜಿನ್ ಸೇರುವ ಗಾಳಿಯ ಒತ್ತಡ ವಾಯುಮಂಡಲದ ಸುಮಾರು ಎರಡರಷ್ಟು. ಅಂತರ ಹಾಗೆಯೇ ಇದ್ದರೆ ವೋಲ್ಟೇಜಿನ ಬೇಡಿಕೆಯೂ ಬಹಳವಾಗಿ ಏರುತ್ತದೆ. ಇಗ್ನಿಷನ್ ಕಾಯಿಲು ಕೊಡಬಲ್ಲದ್ದು ಸಾಮಾನ್ಯವಾಗಿ 25,000ದಿಂದ 40,000 ವೋಲ್ಟ್. ಬೇಡಿಕೆ ಅದನ್ನು ಮೀರಿದೊಡನೆ ಕಿಡಿ ತಪ್ಪುತ್ತದೆ, ಇಲ್ಲವೇ ಪಿಂಗಾಣಿಯ ಹೊರಮೈಯಲ್ಲಿ ಸುಲಭದ ದಾರಿ ಹಿಡಿಯುತ್ತದೆ. ಉರಿಯದ ಪೆಟ್ರೋಲು ಹೊಗೆಕೊಳವೆ ಸೇರಿ ಅಲ್ಲಿನ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಆ ವೆಚ್ಚ ಹತ್ತಾರು ಪ್ಲಗ್ಗುಗಳ ಬೆಲೆಯನ್ನು ಮೀರುವಂಥದು.

ಹಾಗಾದರೆ ಅಂತರವನ್ನು ಆದಷ್ಟು ಕಿರಿದಾಗಿಸಿದರಾಯಿತೇ? ಅದೂ ಸರಿಯಲ್ಲ. ತೀರ ಕಿರಿದಾದ ಅಂತರದಲ್ಲಿ ಹುಟ್ಟಿದ ಪುಟ್ಟ ಜ್ವಾಲೆಯ ಬಿಸಿಯನ್ನು ಪಕ್ಕದ ಲೋಹವೇ ಹೀರಿಬಿಡುತ್ತದೆ. ಆಗ ನಿಧಾನದ ಓಟದಲ್ಲಿ ಎಂಜಿನ್ ನಡುಗುತ್ತದೆ. ಟರ್ಬೋ ಇಲ್ಲದ ಎಂಜಿನ್ನುಗಳಲ್ಲಿ 0.8ರಿಂದ 1.1 ಮಿ.ಮೀ. ಸಾಮಾನ್ಯ, ಟರ್ಬೋ ಕಾರುಗಳಲ್ಲಿ 0.7ರಿಂದ 0.8 ಹೆಚ್ಚು ಬಳಕೆಯಲ್ಲಿದೆ. ಬೂಸ್ಟನ್ನು ಬಹಳ ಏರಿಸಿದ ಪಂದ್ಯದ ಎಂಜಿನ್ನುಗಳಲ್ಲಿ 0.5–0.6ಕ್ಕೆ ಇಳಿಯುವುದುಂಟು. ಕಾರ್ಖಾನೆಯ ಸ್ಥಿತಿಯಲ್ಲಿರುವ ಕಾರಿಗೆ ತಯಾರಕರು ಹೇಳಿದ ಅಳತೆಯೇ ಪ್ರಮಾಣ. ಬೂಸ್ಟ್ ಏರಿಸಿದ್ದರೆ ಮಾತ್ರ ಅಲ್ಲಿಂದ 0.05 ಮಿ.ಮೀ.ನಷ್ಟು ಇಳಿಸುತ್ತ, ಪೂರ್ಣ ಭಾರದಲ್ಲಿ ಮುಗ್ಗರಿಕೆ ನಿಂತ ಅಳತೆಗೆ ನಿಲ್ಲಿಸಬೇಕು. ಮುಗ್ಗರಿಸದ ಅಂತರಗಳಲ್ಲಿ ಅತಿ ದೊಡ್ಡದೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಅಳೆಯಲು ತಂತಿಯ ಗೇಜು ಬಳಸಿ, ಪಕ್ಕದ ತುದಿಯನ್ನು ಮಾತ್ರ ಮೆಲ್ಲನೆ ಬಗ್ಗಿಸಬೇಕು. ಇರಿಡಿಯಂ ಪ್ಲಗ್ಗಿನ ನಡುವಿನ ಸೂಜಿಮೊನೆಗೆ ಸನ್ನೆಗೋಲಿನಂತೆ ಏನನ್ನಾದರೂ ಊರಿದರೆ ಅದು ಮುರಿದೇಹೋಗುತ್ತದೆ. ಹೊಸ ಪ್ಲಗ್ಗನ್ನೂ ಅಳೆಯದೆ ಹಾಕಬಾರದು, ಸಾಗಣೆಯಲ್ಲಿ ಬಿದ್ದರೆ ಅಂತರ ಕೆಡುತ್ತದೆ. ಬಳಸಿದಂತೆ ತುದಿಗಳು ಸವೆದು ಅಂತರ ತಾನಾಗಿಯೇ ಹಿಗ್ಗುವುದರಿಂದ, ಕಳೆದ ವರ್ಷ ಸುಮ್ಮನಿದ್ದ ಕಾರು ಈ ವರ್ಷ ಘಾಟಿಯಲ್ಲಿ ಕೆಮ್ಮಬಹುದು. ಅಂತರ ಸರಿಯಿದ್ದೂ ಕೆಮ್ಮು ನಿಲ್ಲದಿದ್ದರೆ ಮುಂದೆ ನೋಡಬೇಕಾದದ್ದು ಕಾಯಿಲನ್ನು.