ಗುರು ಶಿಷ್ಯರು (೨೦೨೨ರ ಚಲನಚಿತ್ರ)

ಗುರು ಶಿಷ್ಯರು ೨೦೨೨ರಲ್ಲಿ ತೆರೆಕಂಡ ಕನ್ನಡದ ಕ್ರೀಡಾಪ್ರಧಾನ ಹಾಸ್ಯ ಚಲನಚಿತ್ರ. ಜಡೇಶ್ ಕುಮಾರ್ ಹಂಪಿ ನಿರ್ದೇಶಿಸಿದ ಈ ಚಿತ್ರವನ್ನು ನಟ ಶರಣ್ ಮತ್ತು ನಿರ್ದೇಶಕ ತರುಣ್ ಸುಧೀರ್ ಜೊತೆಗೂಡಿ ನಿರ್ಮಿಸಿದ್ದಾರೆ. ಶರಣ್, ನಿಶ್ವಿಕಾ ನಾಯ್ಡು, ದತ್ತಣ್ಣ, ಸುರೇಶ್ ಹೆಬ್ಳೀಕರ್ ಮತ್ತು ಅಪೂರ್ವ ಕಾಸರವಳ್ಳಿ ಪ್ರಮುಖ ಪಾತ್ರಗಳಲ್ಲಿ ಅಭಿನಯಿಸಿದ್ದಾರೆ. ೧೯೯೫ರ ಕಾಲಘಟ್ಟದ ಹಳ್ಳಿಯ ಶಾಲೆಯೊಂದರ ಖೋ-ಖೋ ತಂಡ ಮತ್ತು ಅದರ ದೈಹಿಕ ಶಿಕ್ಷಣ ಶಿಕ್ಷಕನ ಸುತ್ತ ಕಥೆ ಸಾಗುತ್ತದೆ. ಚಿತ್ರವು ೨೦೨೨ರ ಸೆಪ್ಟೆಂಬರ್ ೨೩ರಂದು ಬಿಡುಗಡೆಯಾಯಿತು.

ಎಚ್. ಆರ್. ಭಾರ್ಗವ ನಿರ್ದೇಶನದಲ್ಲಿ ವಿಷ್ಣುವರ್ಧನ್ ಮತ್ತು ಮಂಜುಳಾ ನಟಿಸಿದ್ದ ೧೯೮೧ರ ಹಾಸ್ಯ ಚಿತ್ರಕ್ಕೂ ಇದೇ ಹೆಸರಿದೆ. ಎರಡೂ ಚಿತ್ರಗಳ ಕಥೆಗಳು ಬೇರೆ ಬೇರೆ.

ಕಥಾವಸ್ತು

ಮನೋಹರ್ (ಶರಣ್) ಹೊಣೆಗಾರಿಕೆಯಿಂದ ನುಣುಚಿಕೊಳ್ಳುವ ಸ್ವಭಾವದವನು. ಹಳ್ಳಿಯ ಶಾಲೆಗೆ ಪಿ.ಟಿ. ಮೇಷ್ಟ್ರಾಗಿ ಬರುವ ಆತನಿಗೆ ಆರಂಭದಲ್ಲಿ ಮಕ್ಕಳನ್ನು ಆಟಗಾರರನ್ನಾಗಿ ರೂಪಿಸುವ ಉತ್ಸಾಹವೇನೂ ಇರುವುದಿಲ್ಲ. ಚಿತ್ರದ ಮೊದಲ ಭಾಗದ ಹಾಸ್ಯ ಬಹುಮಟ್ಟಿಗೆ ಇಲ್ಲಿಂದಲೇ ಹುಟ್ಟುತ್ತದೆ: ಕಲಿಸಬೇಕಾದವನಿಗೆ ಕಲಿಸುವ ಮನಸ್ಸಿಲ್ಲ, ಕಲಿಯಬೇಕಾದವರು ತುಂಟರು. ಮುಂದೆ ಊರಿನ ಉಳಿವಿನ ಪ್ರಶ್ನೆಯೇ ಎದುರಾದಾಗ ಖೋ-ಖೋ ಪಂದ್ಯಾವಳಿಯ ಗೆಲುವಿನ ಮೇಲೆ ಗ್ರಾಮಸ್ಥರ ಭವಿಷ್ಯ ನಿಲ್ಲುತ್ತದೆ. ಅಲ್ಲಿಂದ ಗುರು ಮತ್ತು ಶಿಷ್ಯರಿಬ್ಬರೂ ಬದಲಾಗಬೇಕಾಗುತ್ತದೆ.

ಪಾತ್ರವರ್ಗ

ಹಾಸ್ಯನಟರಾಗಿ ಹೆಸರು ಮಾಡಿದ ಶರಣ್, ೨೦೧೨ರ ರ‍್ಯಾಂಬೋ ಚಿತ್ರದಿಂದ ನಾಯಕನಟರಾದವರು. ಗುರು ಶಿಷ್ಯರು ಚಿತ್ರದಲ್ಲಿ ಅವರ ಪುತ್ರ ಹೃದಯ್ ಕೂಡ ಖೋ-ಖೋ ತಂಡದ ಹುಡುಗರಲ್ಲೊಬ್ಬನಾಗಿ ಕಾಣಿಸಿಕೊಂಡಿದ್ದಾರೆ. ನೆನಪಿರಲಿ ಪ್ರೇಮ್, ನವೀನ್ ಕೃಷ್ಣ, ರವಿಶಂಕರ್ ಗೌಡ ಮತ್ತು ಬುಲೆಟ್ ಪ್ರಕಾಶ್ ಅವರ ಪುತ್ರರೂ ತಂಡದಲ್ಲಿದ್ದಾರೆ. ಹೀಗೆ ಹಲವು ನಟರ ಮಕ್ಕಳು ಒಂದೇ ಚಿತ್ರದಲ್ಲಿ ಸಹಪಾಠಿಗಳಾಗಿ ನಟಿಸಿದ್ದು ಬಿಡುಗಡೆಗೆ ಮೊದಲೇ ಸುದ್ದಿಯಾಗಿತ್ತು.

ನಿರ್ಮಾಣ ಮತ್ತು ಸಂಗೀತ

ನಿರ್ದೇಶಕ ಜಡೇಶ್ ಕುಮಾರ್ ಹಂಪಿ ಇದಕ್ಕೂ ಮೊದಲು ಪ್ರಜ್ವಲ್ ದೇವರಾಜ್ ನಾಯಕರಾಗಿದ್ದ ಜಂಟಲ್‌ಮನ್ (೨೦೨೦) ಚಿತ್ರವನ್ನು ನಿರ್ದೇಶಿಸಿದ್ದರು. ಲಡ್ಡು ಸಿನಿಮಾ ಹೌಸ್ ಮತ್ತು ತರುಣ್ ಸುಧೀರ್ ಕ್ರಿಯೇಟಿವ್ಸ್ ಸಂಸ್ಥೆಗಳ ಹೆಸರಿನಲ್ಲಿ ಗುರು ಶಿಷ್ಯರು ನಿರ್ಮಾಣವಾಯಿತು. ಮಾಸ್ತಿ ಸಂಭಾಷಣೆ ಬರೆದಿದ್ದಾರೆ. ಸಂಗೀತ ಬಿ. ಅಜನೀಶ್ ಲೋಕನಾಥ್ ಅವರದು. ಅವರೇ ಸಂಗೀತ ನೀಡಿದ ಕಾಂತಾರ ಈ ಚಿತ್ರ ಬಂದ ಒಂದು ವಾರದ ಬಳಿಕ, ಸೆಪ್ಟೆಂಬರ್ ೩೦ರಂದು ತೆರೆಕಂಡಿತು.

ಚಿತ್ರದಲ್ಲಿ ಖೋ-ಖೋ

ಚಿತ್ರದ ರೋಚಕ ಸನ್ನಿವೇಶಗಳನ್ನು ಅರಿಯಲು ಆಟದ ನಿಯಮಗಳ ಪರಿಚಯ ಅಗತ್ಯ. ಸಾಂಪ್ರದಾಯಿಕ ನಿಯಮದಂತೆ ಅಂಕಣ ೨೭ ಮೀಟರ್ ಉದ್ದ, ೧೬ ಮೀಟರ್ ಅಗಲವಿರುತ್ತದೆ. ಎರಡು ತುದಿಗಳಲ್ಲಿ ಒಂದೊಂದು ಕಂಬ, ಅವುಗಳ ನಡುವೆ ಮಧ್ಯಪಥ. ಬೆನ್ನಟ್ಟುವ ತಂಡದ ಒಂಬತ್ತು ಆಟಗಾರರಲ್ಲಿ ಎಂಟು ಮಂದಿ ಮಧ್ಯಪಥದ ಚೌಕಗಳಲ್ಲಿ, ಒಬ್ಬರು ಒಂದು ಕಡೆಗೆ ಮುಖ ಮಾಡಿದರೆ ಪಕ್ಕದವರು ಅದರ ವಿರುದ್ಧ ದಿಕ್ಕಿಗೆ ಮುಖ ಮಾಡಿ ಕುಳಿತಿರುತ್ತಾರೆ. ಒಂಬತ್ತನೆಯವರು ಎದುರಾಳಿಗಳನ್ನು ಬೆನ್ನಟ್ಟುತ್ತಾರೆ. ಓಡುವ ತಂಡದವರು ಮೂವರಂತೆ ಅಂಕಣಕ್ಕಿಳಿಯುತ್ತಾರೆ.

ಆಟದ ಸ್ವಾರಸ್ಯವಿರುವುದು ಬೆನ್ನಟ್ಟುವವರಿಗೆ ವಿಧಿಸಿದ ಕಟ್ಟುಪಾಡಿನಲ್ಲಿ. ಅವರು ಮಧ್ಯಪಥವನ್ನು ದಾಟುವಂತಿಲ್ಲ. ಹಿಡಿದ ದಿಕ್ಕನ್ನು ಬದಲಿಸಿ ಹಿಂದಿರುಗುವಂತಿಲ್ಲ. ಓಡುವವರಿಗಾದರೋ ಕುಳಿತವರ ನಡುವೆ ನುಸುಳಿ ಆಚೆ ಬದಿಗೆ ಹೋಗುವ ಸ್ವಾತಂತ್ರ್ಯವಿದೆ. ಆದ್ದರಿಂದ ಬೆನ್ನಟ್ಟುವವರು ಕುಳಿತ ಸಂಗಾತಿಯ ಬೆನ್ನು ಮುಟ್ಟಿ ‘ಖೋ’ ಎಂದು ಕೂಗಿ ಸರದಿಯನ್ನು ಒಪ್ಪಿಸಬೇಕು. ಎಷ್ಟೇ ವೇಗದ ಓಟಗಾರನಾದರೂ ಸರಿಯಾದ ಕ್ಷಣದಲ್ಲಿ ಖೋ ಕೊಡಲು ಅರಿಯದಿದ್ದರೆ ತಂಡಕ್ಕೆ ಪ್ರಯೋಜನವಿಲ್ಲ. ಒಬ್ಬೊಬ್ಬರೂ ತಮ್ಮ ದಾರಿ ಹಿಡಿದ ಹುಡುಗರು ಒಂದು ತಂಡವಾಗುವ ಕಥೆಗೆ ಈ ಆಟ ಹೊಂದುವುದು ಇದೇ ಕಾರಣಕ್ಕೆ.

ಚಿತ್ರದ ಕಾಲ ಮತ್ತು ಶಾಲಾ ಕ್ರೀಡೆ

ಖೋ-ಖೋ ಆಡಲು ಎರಡು ಕಂಬ, ಸುಣ್ಣದ ಗೆರೆ ಮತ್ತು ಹದವಾದ ಮಣ್ಣಿನ ನೆಲವಿದ್ದರೆ ಸಾಕು. ಚೆಂಡು, ಬ್ಯಾಟು, ಹಲಗೆ ಯಾವುದೂ ಬೇಡ. ಈ ಕಾರಣದಿಂದಲೇ ಅದು ಗ್ರಾಮೀಣ ಸರ್ಕಾರಿ ಶಾಲೆಗಳ ಆಟವಾಗಿ ಬೆಳೆಯಿತು. ಕರ್ನಾಟಕದ ಶಾಲಾ ಕ್ರೀಡಾಕೂಟಗಳಲ್ಲಿ ತಂಡಗಳು ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ ಮತ್ತು ರಾಜ್ಯ ಎಂಬ ಮೆಟ್ಟಿಲುಗಳನ್ನು ಹತ್ತುತ್ತವೆ. ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿಯ ತಂಡವೊಂದು ಇಂದು ತಾಲ್ಲೂಕು ಮಟ್ಟದಲ್ಲಿ ಗೆದ್ದರೆ ಚಾಮರಾಜನಗರ ಜಿಲ್ಲಾ ಮಟ್ಟಕ್ಕೂ, ಅಲ್ಲಿ ಗೆದ್ದರೆ ಮೈಸೂರು ವಿಭಾಗ ಮಟ್ಟಕ್ಕೂ ಅರ್ಹತೆ ಪಡೆಯುತ್ತದೆ. ಚಿತ್ರದ ಕಥೆ ನಡೆಯುವ ೧೯೯೫ರಲ್ಲಿ ಚಾಮರಾಜನಗರ ಇನ್ನೂ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಅದು ರಚನೆಯಾದದ್ದು ೧೯೯೭ರಲ್ಲಿ. ಅದಕ್ಕೂ ಮುನ್ನ ಗುಂಡ್ಲುಪೇಟೆ ಮೈಸೂರು ಜಿಲ್ಲೆಯ ತಾಲ್ಲೂಕಾಗಿತ್ತು. ಇಂತಹ ಶಾಲೆಗಳಲ್ಲಿ ತಂಡ ಎಷ್ಟು ಮೆಟ್ಟಿಲು ಹತ್ತುತ್ತದೆ ಎಂಬುದು ಅನೇಕ ವೇಳೆ ಒಬ್ಬ ಪಿ.ಟಿ. ಮೇಷ್ಟ್ರ ಆಸಕ್ತಿಯನ್ನೇ ಅವಲಂಬಿಸಿರುತ್ತದೆ. ಚಿತ್ರದ ನಾಯಕನ ಸೋಮಾರಿತನ ನಗೆ ಹುಟ್ಟಿಸುವಂತೆಯೇ ಕಳವಳವನ್ನೂ ಹುಟ್ಟಿಸುವುದು ಅದಕ್ಕಾಗಿ.

ಪ್ರಕಾರ

ಅಸಮರ್ಥ ನಾಯಕ, ಯಾರೂ ಲೆಕ್ಕಕ್ಕಿಡದ ತಂಡ, ಸೋತರೆ ಕಳೆದುಹೋಗುವ ಊರು ಅಥವಾ ಸಂಸ್ಥೆ: ಇವು ಜಗತ್ತಿನ ಅನೇಕ ಕ್ರೀಡಾ ಹಾಸ್ಯಚಿತ್ರಗಳ ಸಾಮಾನ್ಯ ಅಂಶಗಳು. ಕೆಂಟ್ ಆಲ್ಟರ್‌ಮನ್ ನಿರ್ದೇಶನದ ಅಮೆರಿಕದ ಸೆಮಿ-ಪ್ರೊ (೨೦೦೮) ಇದಕ್ಕೊಂದು ನಿದರ್ಶನ. ಅದರಲ್ಲಿ ವಿಲ್ ಫೆರೆಲ್ ಅಭಿನಯಿಸಿದ ಜಾಕಿ ಮೂನ್, ಫ್ಲಿಂಟ್ ಟ್ರಾಪಿಕ್ಸ್ ಎಂಬ ಕಾಲ್ಪನಿಕ ವೃತ್ತಿಪರ ಬಾಸ್ಕೆಟ್‌ಬಾಲ್ ತಂಡದ ಮಾಲೀಕ, ತರಬೇತುದಾರ ಮತ್ತು ಆಟಗಾರ, ಮೂರೂ ಹೌದು. ೧೯೭೬ರಲ್ಲಿ ಅಮೆರಿಕನ್ ಬಾಸ್ಕೆಟ್‌ಬಾಲ್ ಅಸೋಸಿಯೇಷನ್ ಮುಚ್ಚಿದಾಗ ಅದರ ನಾಲ್ಕು ತಂಡಗಳಿಗೆ ಮಾತ್ರ ಎನ್‌ಬಿಎಯಲ್ಲಿ ಸ್ಥಾನ ದೊರೆತ ನೈಜ ಘಟನೆ ಆ ಕಥೆಗೆ ಹಿನ್ನೆಲೆ. ಅಲ್ಲಿ ಅಪಾಯದಲ್ಲಿರುವುದು ಮಾರುಕಟ್ಟೆಗೆ ಬೇಡವಾದ ತಂಡ. ಗುರು ಶಿಷ್ಯರು ಚಿತ್ರದಲ್ಲಿ ಅಪಾಯದಲ್ಲಿರುವುದು ಊರು, ಅದನ್ನು ಉಳಿಸಬೇಕಾದವರು ಸಂಬಳವೇ ಇಲ್ಲದ ಶಾಲಾ ಮಕ್ಕಳು.

ವೃತ್ತಿಪರ ಖೋ-ಖೋ

ಚಿತ್ರ ತೆರೆಕಂಡ ಸಮಯದಲ್ಲೇ ಖೋ-ಖೋ ವೃತ್ತಿಪರ ಕ್ರೀಡೆಯಾಗಿ ಹೊಸ ರೂಪ ಪಡೆಯುತ್ತಿತ್ತು. ಅಲ್ಟಿಮೇಟ್ ಖೋ-ಖೋ ಲೀಗ್‌ನ ಮೊದಲ ಆವೃತ್ತಿ ೨೦೨೨ರ ಆಗಸ್ಟ್ ೧೪ರಂದು ಪುಣೆಯಲ್ಲಿ ಆರಂಭವಾಗಿ ಸೆಪ್ಟೆಂಬರ್ ೪ರಂದು ಮುಕ್ತಾಯಗೊಂಡಿತು. ಫೈನಲ್‌ನಲ್ಲಿ ಒಡಿಶಾ ಜಗರ್‌ನಾಟ್ಸ್ ತಂಡವು ತೆಲುಗು ಯೋಧಾಸ್ ತಂಡವನ್ನು ೪೬–೪೫ರಿಂದ ಮಣಿಸಿತು. ಈ ಲೀಗ್‌ನಲ್ಲಿ ಯಾವ ದಿಕ್ಕಿಗಾದರೂ ಓಡಿ ಬೆನ್ನಟ್ಟಬಲ್ಲ ‘ವಜೀರ್’ ಎಂಬ ಆಟಗಾರನ ಸ್ಥಾನವನ್ನು ಹೊಸದಾಗಿ ಸೇರಿಸಲಾಯಿತು. ಭಾಗವಹಿಸಿದ ಆರು ತಂಡಗಳಲ್ಲಿ ಕರ್ನಾಟಕದ ಹೆಸರಿನ ತಂಡವಿರಲಿಲ್ಲ.

೨೦೨೫ರ ಜನವರಿಯಲ್ಲಿ ನವದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಜರುಗಿತು. ಭಾರತದ ಮಹಿಳೆಯರು ನೇಪಾಳವನ್ನು ೭೮–೪೦ರಿಂದಲೂ, ಪುರುಷರು ೫೪–೩೬ರಿಂದಲೂ ಸೋಲಿಸಿ ಎರಡೂ ಪ್ರಶಸ್ತಿಗಳನ್ನು ಗೆದ್ದರು. ಕರ್ನಾಟಕದ ಬಿ. ಚೈತ್ರಾ ಮತ್ತು ಎಂ. ಕೆ. ಗೌತಮ್ ಈ ತಂಡಗಳಲ್ಲಿದ್ದರು. ಚೈತ್ರಾ ಅವರದು ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರು ಗ್ರಾಮ. ಈ ತಾಲ್ಲೂಕು ಚಾಮರಾಜನಗರ ಜಿಲ್ಲೆಗೆ ಹೊಂದಿಕೊಂಡಿದೆ. ರಾಜ್ಯ ಸರ್ಕಾರ ತಲಾ ₹೫ ಲಕ್ಷ ಬಹುಮಾನ ಘೋಷಿಸಿದಾಗ, ನೆರೆಯ ಮಹಾರಾಷ್ಟ್ರ ತನ್ನ ಆಟಗಾರರಿಗೆ ನೀಡಿದ್ದಕ್ಕೆ ಹೋಲಿಸಿದರೆ ಅದು ಅತ್ಯಲ್ಪವೆಂದು ಇಬ್ಬರೂ ನಿರಾಕರಿಸಿದರು. ಹಳ್ಳಿಯ ಮೈದಾನದ ಆಟಕ್ಕೆ ಸಲ್ಲಬೇಕಾದ ಬೆಲೆ ಎಷ್ಟು ಎಂಬ ಪ್ರಶ್ನೆ ಹೀಗೆ ತೆರೆಯ ಆಚೆಗೂ ಮುಂದುವರಿದಿದೆ.